ಹಿಂದಿನ ಹುಕ್ಕು

ಮೊದಲು ಗೊತ್ತಾದದ್ದು ನನ್ನ ಕಣಕಾಲಿಗೆ.
ಪೆಡಲ್ ತುಳಿಯುವಾಗ ಸಾಸಿವೆ ಸಿಡಿದ ಹಾಗೆ
ಚುರುಕ್, ಮತ್ತೆ ಚುರುಕ್.
ಗುಲ್ನಾರ್ ಹೆಮ್ಮಿಂಗ್ ನಿಲ್ಲಿಸಿ ಅಂದಳು:
"ಅಕ್ಕಾ, ಗಿರಾಕಿಗಳೂ ಕೆರಕೊಳ್ತಿದ್ದಾರೆ."

ಬಾಬಿನ್ ಬೆಕ್ಕನ್ನು ಮಡಿಲಿಗೆ ಹಾಕಿಕೊಂಡು
ಸಣ್ಣ ಹಲ್ಲಿನ ಬಾಚಣಿಗೆ ಎಳೆದೆ.
ಉದುರಿದ ಕರಿ ಹುಡಿಯನ್ನು
ಒದ್ದೆ ಮಾಡಿದ ಬಿಳಿ ಲೈನಿಂಗ್ ತುಂಡಿಗೆ ಕೊಡವಿ ಕಾದೆ.
ಸುತ್ತ ಕೆಂಪು ಹರಡಿತು,
ಕಳಪೆ ಫಾಲ್ಸು ನೀರಿಗೆ ಬಣ್ಣ ಬಿಟ್ಟ ಹಾಗೆ.
ಮಣ್ಣಲ್ಲ ಅದು. ಬಾಬಿನ್ನಿನ ರಕ್ತ,
ಚಿಗಟ ಕುಡಿದು ಹಾಕಿದ್ದು.

ಕಪಾಟಿನಲ್ಲಿ ಮೇಸ್ತ್ರಿಯ ಔಷಧಿ ಅರ್ಧ ಇತ್ತು.
ಮೇಸ್ತ್ರಿ ಅಂದರೆ ನಾಯಿ, ಇಪ್ಪತ್ತೆರಡು ಕಿಲೋ,
ಕೆಲಸ ಮಾತ್ರ ಏನೂ ಇಲ್ಲ.
ಕೈ ಅತ್ತ ಹೋಗಿ ನಿಂತಿತು.
ಹೋದ ವರ್ಷ ನಿಂತಿರಲಿಲ್ಲ.

ಹೊಲಿಯುವವಳ ಲೆಕ್ಕ ನನ್ನದು:
ಅಮ್ಮನ ಸೀರೆಯಲ್ಲಿ ಉಳಿದದ್ದು
ಮಗಳ ಲಂಗಕ್ಕೆ ಸಾಲದೇ?
ನಾಯಿಯ ಹನಿಯಲ್ಲಿ ಕಾಲು ಭಾಗ
ಬೆಕ್ಕಿಗೆ ಸಾಲದೇ?
ಇನ್ನೂರು ರೂಪಾಯಿ ಉಳಿಯಿತೆಂದು
ಉಂಡು ಮಲಗಿದೆ.

ಹನ್ನೊಂದಕ್ಕೆ ಕಿವಿ ಅದುರಿತು. ಆಮೇಲೆ ಕಾಲು.
ಆಮೇಲೆ ಇಡೀ ಬೆಕ್ಕು,
ದಾರವಿಲ್ಲದೆ ಓಡುವ ಮೋಟಾರು ಮಷೀನು,
ಸ್ವಿಚ್ಚು ಎಲ್ಲಿದೆಯೋ ನನಗೆ ಗೊತ್ತಿಲ್ಲ.
ಲಿಂಗರಾಜಪುರದ ಮೇಲ್ಸೇತುವೆಯ ಮೇಲೆ
ಟವೆಲ್ಲಿನೊಳಗೆ ಅದರ ಹಲ್ಲು ಕಟಕಟ.
ಒಂದೂವರೆ ಮೀಟರ್ ಕೇಳಬೇಕಿದ್ದ ಆಟೋದವನು
ಏನೂ ಕೇಳಲಿಲ್ಲ, ಸಿಗ್ನಲ್ಲನ್ನೂ ನೋಡಲಿಲ್ಲ.

ಡಾಕ್ಟರ್ ಪಂಕಜಾಕ್ಷಿ ಬೈಯಲಿಲ್ಲ.
ಬೈದಿದ್ದರೆ ಹಗುರವಾಗುತ್ತಿತ್ತು.
ಸೂಜಿ ಚುಚ್ಚಿ, ನಡುಕ ತಗ್ಗಿದ ಮೇಲೆ ಸೋಪಿನಲ್ಲಿ ತೊಳೆದು,
ಡಬ್ಬಿಯ ಹಿಂದಿನ ಇರುವೆ ಅಕ್ಷರಕ್ಕೆ ಬೆರಳಿಟ್ಟು ಓದಿಸಿದರು:
ಪರ್ಮೆಥ್ರಿನ್.
"ನಾಯಿ ಮೈ ಇದನ್ನ ಅರಗಿಸ್ಕೊಳ್ಳುತ್ತೆ. ಬೆಕ್ಕಿಗೆ ಬರಲ್ಲ.
ಬೆಕ್ಕು ಅಂದ್ರೆ ಸಣ್ಣ ನಾಯಿ ಅಲ್ಲಮ್ಮ."

ಎರಡು ದಿನ ಡ್ರಿಪ್ಪು. ಬದುಕಿತು.
ಉಳಿಸಿದ ಇನ್ನೂರಕ್ಕೆ ನಲವತ್ತು ಬ್ಲೌಸು ಹೊಲಿದೆ.

ಈ ಸಲ ಅಳತೆ ತೆಗೆದೆ.
ಬಾಬಿನ್ನನ್ನು ಎತ್ತಿಕೊಂಡು ತೂಕದ ಮಷೀನು ಹತ್ತಿ,
ಬಿಟ್ಟು ಮತ್ತೆ ಹತ್ತಿ, ನನ್ನನ್ನು ಕಳೆದೆ:
ಮೂರೂ ಮುಕ್ಕಾಲು ಕಿಲೋ.
ಬೆಕ್ಕಿನ ಚಿತ್ರದ ಪೊಟ್ಟಣ, ಡಾಕ್ಟರ್ ಬರೆದುಕೊಟ್ಟದ್ದು.
ಮೇಸ್ತ್ರಿಗೂ ಬೇರೆಯದು ಬರೆಸಿಕೊಂಡೆ.
ಒಂದೇ ಗೋಣಿಯ ಮೇಲೆ ಮಲಗುವವರು ಇಬ್ಬರೂ,
ಒಬ್ಬರ ಮೈ ಇನ್ನೊಬ್ಬರು ನೆಕ್ಕುವವರು.
ಹಳೆಯ ಅರ್ಧ ಡಾಕ್ಟರ ಕೈಗೇ ಹೋಯಿತು.

ನಾಲಿಗೆ ಎಟುಕದ ಜಾಗಕ್ಕೆ ಹಾಕಿ ಅಂದಿದ್ದರು.
ಕತ್ತಿನ ಹಿಂದೆ, ತಲೆಬುರುಡೆ ಮುಗಿಯುವಲ್ಲಿ.
ನಗು ಬಂತು. ಇಪ್ಪತ್ತಾರು ವರ್ಷದಿಂದ
ಅದರ ನೆರೆಹೊರೆಯೆಲ್ಲ ನನಗೆ ಗೊತ್ತು:
ಹಿಂದೆ ಹುಕ್ಕು ಇಡಿ ಅನ್ನುವವರು
ಮನೆಯಲ್ಲಿ ಇನ್ನೊಂದು ಕೈ ಉಳ್ಳವರು.
ಒಬ್ಬಳೇ ಇರುವವಳು, ನನ್ನ ಹಾಗೆ,
ಮುಂದೆಯೇ ಇಡಿಸುತ್ತಾಳೆ.

ಕೂದಲಿಗೆ ಬೈತಲೆ ತೆಗೆದೆ. ಚರ್ಮ ಕಂಡಿತು,
ಅಕ್ಕಿ ತೊಳೆದ ನೀರಿನ ಬಣ್ಣ.
ಕೂದಲ ಮೇಲಲ್ಲ, ಅಲ್ಲಿಗೇ,
ಉಸಿರು ಹಿಡಿದು ಹಿಂಡಿದೆ.
ಒಣಗುವ ತನಕ ಮೇಸ್ತ್ರಿಯನ್ನು
ಗುಲ್ನಾರ್ ಮಹಡಿಯಲ್ಲಿ ಹಿಡಿದು ಕೂತಳು,
ಬಿಸ್ಕತ್ತು ಇಬ್ಬರಿಗೂ ಖರ್ಚಾಯಿತು.
ಕೈ ತೊಳೆದೆ. ಗೋಣಿ, ಚಾಪೆ, ಚಿಂದಿ ಮೂಟೆ
ಕುದಿವ ನೀರಿಗೆ. ಮಷೀನಿನ ಕೆಳಗಿನ ಬಿರುಕಿಗೆ
ಫಿಲೋಮಿನಾ ಆಂಟಿಯ ವ್ಯಾಕ್ಯೂಮು.
ಮೊಟ್ಟೆ ಮೈಮೇಲಿಗಿಂತ ನೆಲದಲ್ಲೇ ಜಾಸ್ತಿಯಂತೆ.
ತಿಂಗಳು ಕಳೆದು ಮತ್ತೆ ಹಾಕಬೇಕಂತೆ.

ರಾತ್ರಿ ಹನ್ನೊಂದು. ಎದ್ದು ಕೂತಿದ್ದೇನೆ.
ಕಿವಿ ಅದುರಿತಾ? ಇಲ್ಲ, ಸೊಳ್ಳೆ.
ಬಾಬಿನ್ ಕತ್ತು ತಿರುಗಿಸಿ, ಬೆನ್ನು ಬಿಲ್ಲು ಮಾಡಿ
ಆ ಜಾಗಕ್ಕೆ ನಾಲಿಗೆ ಚಾಚುತ್ತದೆ.
ಎಟುಕುವುದಿಲ್ಲ. ಬಿಟ್ಟು ನನ್ನನ್ನು ನೋಡುತ್ತದೆ,
ಏನು ಮಾಡಿದೆ ನೀನು ಅಂತ.

ಹೇಗೂ ನಿದ್ದೆ ಇಲ್ಲ, ದೀಪ ಹಾಕಿದೆ.
ನಾಳೆ ಕಮ್ಮನಹಳ್ಳಿಯ ಮದುಮಗಳ ಬ್ಲೌಸು ಕೊಡಬೇಕು.
ಹುಕ್ಕು ಹನ್ನೊಂದು, ಎಲ್ಲ ಹಿಂದೆ.